ಅಶ್ವಗಂಧದ ಡಬ್ಬಿ ತಿಂದರೆ 800 ಮೀಟರ್ ಓಟ ಚುರುಕಾಗುತ್ತಾ?

ತೋಟದ_ಮನೆ (ತೀರ್ಥಹಳ್ಳಿ ಹತ್ತಿರ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓಟಗಾರರು, ಡಾಕ್ಟರು, ಮೇಷ್ಟ್ರು ಎಲ್ಲರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಮಗಳಿಗೆ 16 ವರ್ಷ. 800 ಮೀಟರ್ ಓಡುತ್ತಾಳೆ. ಹೋದ ವರ್ಷ 2 ನಿಮಿಷ 31 ಸೆಕೆಂಡಿಗೆ ಮುಗಿಸಿದ್ದಳು. ಈ ವರ್ಷ 2:38ಕ್ಕಿಂತ ಕೆಳಗೆ ಇಳಿಯುತ್ತಲೇ ಇಲ್ಲ. ಮೊದಲ ಸುತ್ತು ಚೆನ್ನಾಗೇ ಹೋಗುತ್ತಾಳೆ. ಎರಡನೇ ಸುತ್ತಿಗೆ "ಕಾಲೇ ಬರ್ತಿಲ್ಲ ಅಪ್ಪ" ಅನ್ನುತ್ತಾಳೆ.

ಭಾನುವಾರ ಅವಳನ್ನು ಶಿವಮೊಗ್ಗದ ನೆಹರು ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಪರಿಚಯವಾದವರೊಬ್ಬರು ಒಂದು ಡಬ್ಬಿ ಕೊಡಿಸಿದರು. 1,850 ರೂಪಾಯಿ. ಮೇಲೆ ಜಲಪಾತದ ಚಿತ್ರ, "ಮಲೆನಾಡಿನ ಮೂಲಿಕೆಗಳ ಶಕ್ತಿ" ಅಂತ ದೊಡ್ಡ ಅಕ್ಷರ. ಹಿಂದೆ ಸಣ್ಣ ಅಕ್ಷರದಲ್ಲಿ ಅಶ್ವಗಂಧ, ಗೋಕ್ಷುರ, ಗಾರ್ಸೀನಿಯಾ, ಅರಿಶಿನ, ಇನ್ನೂ ಏನೇನೋ. ಎಲ್ಲ ಸೇರಿ "ವಿಶೇಷ ಮಿಶ್ರಣ 2,400 ಮಿಲಿಗ್ರಾಂ" ಅಂತಿದೆ. ಯಾವುದು ಎಷ್ಟು ಅಂತ ಇಲ್ಲ.

ಡಬ್ಬಿ ಇನ್ನೂ ಒಡೆದಿಲ್ಲ. ಇದರಿಂದ ನಿಜವಾಗಲೂ ಏನಾದರೂ ಆಗುತ್ತಾ? ಗಿಡಮೂಲಿಕೆ ತಾನೇ, ತೊಂದರೆಯಂತೂ ಇಲ್ಲ ಅಲ್ವಾ?

ಹಾಫ್_ಮ್ಯಾರಥಾನ್ (ಶಿವಮೊಗ್ಗದವನು, ಈಗ ಬೆಂಗಳೂರು)

ಧೈರ್ಯವಾಗಿ ಕೊಡಿ ಸಾರ್. ನಾನು 6 ತಿಂಗಳಿಂದ ಅಶ್ವಗಂಧ ತಗೊಳ್ತಾ ಇದ್ದೇನೆ. 21 ಕಿಲೋಮೀಟರ್ 2 ಗಂಟೆ 5 ನಿಮಿಷದಿಂದ 1 ಗಂಟೆ 54 ನಿಮಿಷಕ್ಕೆ ಬಂದಿದೆ. ನಿದ್ದೆಯೂ ಚೆನ್ನಾಗಿ ಬರುತ್ತೆ. ಇದು ಅಜ್ಜಿ ಕಥೆ ಅಲ್ಲ, ಸರಿಯಾದ ಅಧ್ಯಯನ ಆಗಿದೆ. 2015ರಲ್ಲಿ 57 ಗಂಡಸರ ಮೇಲೆ. ದಿನಕ್ಕೆರಡು ಸಲ 300 ಮಿಲಿಗ್ರಾಂ ಬೇರಿನ ಸಾರ, 8 ವಾರ. ಬೆಂಚ್ ಪ್ರೆಸ್‌ನಲ್ಲಿ 46 ಕಿಲೋ ಏರಿಕೆ! ಇನ್ನೇನು ಬೇಕು?

ತುಂಗಾ_ತೀರ (ಶಿವಮೊಗ್ಗ, ಔಷಧ ವಿಜ್ಞಾನ ಓದಿದವನು, ಪಾಠ ಮಾಡುತ್ತೇನೆ)

ಆ ಅಧ್ಯಯನ ನಾನೂ ಓದಿದ್ದೇನೆ. ಪ್ರತಿ ವರ್ಷ ಹುಡುಗರಿಗೆ ಪಾಠಕ್ಕೂ ಇಟ್ಟುಕೊಳ್ಳುತ್ತೇನೆ. ಯಾಕೆ ಅಂದರೆ ಅದರ ಎರಡನೇ ಸಂಖ್ಯೆಯನ್ನು ಯಾರೂ ಹೇಳುವುದಿಲ್ಲ.

ಅಶ್ವಗಂಧ ತಿಂದವರಿಗೆ ಸರಾಸರಿ 46 ಕಿಲೋ ಏರಿತು, ಸರಿ. ಖಾಲಿ ಗುಳಿಗೆ ತಿಂದವರಿಗೆ? 26 ಕಿಲೋ ಏರಿತು. ಏನೂ ಇಲ್ಲದ ಗುಳಿಗೆ ತಿಂದು 26 ಕಿಲೋ! ಅಷ್ಟು ಏರಿದ್ದು ಹೇಗೆ? ಅವರೆಲ್ಲ ಭಾರ ಎತ್ತಿ ಅಷ್ಟೇನೂ ಅಭ್ಯಾಸ ಇಲ್ಲದವರು. ಹೊಸಬರು 8 ವಾರ ಕ್ರಮವಾಗಿ ಎತ್ತಿದರೆ ಏರಿಯೇ ಏರುತ್ತದೆ. ಉಳಿದ 20 ಕಿಲೋ ಅಶ್ವಗಂಧದ್ದೇ ಅಂತ ಇಟ್ಟುಕೊಂಡರೂ, ಅದು 18 ದಾಟಿದ ಗಂಡಸರಲ್ಲಿ, ಎದೆಯ ಮೇಲೆ ಭಾರ ಎತ್ತುವುದರಲ್ಲಿ ಸಿಕ್ಕಿದ್ದು. 16ರ ಹುಡುಗಿಯ 800 ಮೀಟರಿಗೆ ಅದನ್ನು ತಂದು ಅಂಟಿಸೋದು ಹೇಗೆ?

ಓಟಕ್ಕೆ ಹತ್ತಿರದ್ದೂ ಒಂದಿದೆ, ಮುಚ್ಚಿಡುವುದಿಲ್ಲ. 2012ರಲ್ಲಿ 40 ಸೈಕಲ್ ಸ್ಪರ್ಧಿಗಳಿಗೆ 8 ವಾರ ದಿನಕ್ಕೆರಡು ಸಲ 500 ಮಿಲಿಗ್ರಾಂ ಕೊಟ್ಟು ನೋಡಿದ್ದರು. ಉಸಿರಿನ ಸಾಮರ್ಥ್ಯ, ಅಂದರೆ ವಿಓ2 ಮ್ಯಾಕ್ಸ್, ಹೆಚ್ಚಾಗಿತ್ತು. ಆಮೇಲೆ ಇಂಥವನ್ನೆಲ್ಲ ಒಟ್ಟುಹಾಕಿ ನೋಡಿದವರಿಗೂ ಅದೇ ದಿಕ್ಕು ಕಂಡಿದೆ. ಹಾಗಾಗಿ ಅಶ್ವಗಂಧ ಪೂರ್ತಿ ಬುರುಡೆ ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲವೂ ಸಣ್ಣ ಸಣ್ಣ ಗುಂಪು. ಹಲವು ಕಡೆ ಸಾರ ತಯಾರಿಸುವ ಕಂಪನಿಯೇ ಮಾಲು ಕೊಟ್ಟಿರುತ್ತದೆ. "ಇರಬಹುದು" ಅನ್ನುವಷ್ಟಕ್ಕೆ ನಿಲ್ಲುವ ಸಾಕ್ಷ್ಯ ಇದು.

ಅದೂ ಅಳತೆ ಗೊತ್ತಿರುವ ಒಂದೇ ಬೇರಿನ ಸಾರಕ್ಕೆ. ನಿಮ್ಮ ಡಬ್ಬಿಯ 2,400 ಮಿಲಿಗ್ರಾಂನಲ್ಲಿ ಅಶ್ವಗಂಧ 600 ಇದೆಯೋ 6 ಇದೆಯೋ? ಬರೆಯದೇ ಇರುವುದಕ್ಕೆ ಕಾರಣ ಇರುತ್ತದೆ.

ಹಾಫ್_ಮ್ಯಾರಥಾನ್

ಅಂದ್ರೆ ನನ್ನ 11 ನಿಮಿಷ ಸುಮ್ನೆ ಬಂತಾ ಸಾರ್?

ತುಂಗಾ_ತೀರ

ಸುಮ್ನೆ ಬರಲಿಲ್ಲ, ನೀವು ಓಡಿದ್ದರಿಂದ ಬಂತು. ಆ 6 ತಿಂಗಳಲ್ಲಿ ವಾರಕ್ಕೆ ಎಷ್ಟು ಕಿಲೋಮೀಟರ್ ಓಡಿದಿರಿ, ಅದಕ್ಕೂ ಮೊದಲು ಎಷ್ಟು ಓಡುತ್ತಿದ್ದಿರಿ, ಹೇಳಿ.

ಹಾಫ್_ಮ್ಯಾರಥಾನ್

ಮೊದಲು 15. ಈಗ 40. 😅

ಪಿ_ಟಿ_ಮೇಷ್ಟ್ರು (ಸಾಗರ)

ಉತ್ತರ ಅಲ್ಲೇ ಸಿಕ್ಕಿತು ನೋಡಿ.

ತುಂಗಾ_ತೀರ

ಇದಕ್ಕೊಂದು ಸ್ವಾರಸ್ಯದ ಪ್ರಯೋಗ ಇದೆ. 2006ರಲ್ಲಿ ಸೈಕಲ್ ತುಳಿಯುವ 7 ಜನರಿಗೆ 10 ಕಿಲೋಮೀಟರ್ ತುಳಿಸಿದರು. ಒಂದು ಸಲ "ಜಾಸ್ತಿ ಕೆಫೀನ್ ಕೊಟ್ಟಿದ್ದೇವೆ" ಅಂದರು, ಒಂದು ಸಲ "ಕಮ್ಮಿ ಕೊಟ್ಟಿದ್ದೇವೆ" ಅಂದರು, ಒಂದು ಸಲ "ಇದರಲ್ಲಿ ಏನೂ ಇಲ್ಲ" ಅಂದರು. ಅಸಲಿಗೆ ಮೂರು ಸಲವೂ ಕೆಫೀನೇ ಇರಲಿಲ್ಲ. ಜಾಸ್ತಿ ಅಂದುಕೊಂಡಾಗ ಶೇ 3.1ರಷ್ಟು ಹೆಚ್ಚು ಶಕ್ತಿ ಹಾಕಿದರು, ಕಮ್ಮಿ ಅಂದುಕೊಂಡಾಗ ಶೇ 1.3. ಏನೂ ಇಲ್ಲ ಅಂದಾಗ ಶೇ 1.4ರಷ್ಟು ಕುಸಿದರು. ನಂಬಿಕೆಯೇ ಇಷ್ಟು ಕೆಲಸ ಮಾಡುತ್ತದೆ. "ನಾನು ತಿಂದೆ, ನನಗೆ ಆಯಿತು" ಅನ್ನುವ ಮಾತನ್ನು ವಿಜ್ಞಾನ ನಂಬದಿರುವುದು ಅದಕ್ಕೇ. ನಿಮ್ಮ ಮೇಲೆ ಅನುಮಾನ ಅಂತಲ್ಲ.

ಗರಡಿ_ಹುಡುಗ (ಶಿವಮೊಗ್ಗ, ಹೆಸರಿಗೆ ಹುಡುಗ, ವಯಸ್ಸು 61)

ನಾವು ಗರಡಿಯಲ್ಲಿ ಬೆಳೆದವರು. ಬೆಳಗಿನ ಜಾವ 4 ಗಂಟೆಗೆ ಉಸ್ತಾದರು ಎಬ್ಬಿಸೋರು. 500 ಬಸ್ಕಿ, 200 ದಂಡ, ಆಮೇಲೆ ಮಟ್ಟಿ ಅಗೆಯೋದು. ಕೊನೆಗೆ ಬಾದಾಮಿ ಅರೆದು ಹಾಕಿದ ಹಾಲು, ಚಳಿಗಾಲ ಬಂದರೆ ಅದರಲ್ಲಿ ಅಶ್ವಗಂಧದ ಪುಡಿ. ದಸರಾ ಕುಸ್ತಿಗೆ ಅದೇ ನಮ್ಮ ಬಲ. ವಿಜ್ಞಾನ ಈಗ ಬಂತು, ಪೈಲ್ವಾನರು ಮೊದಲಿಂದಲೂ ಇದ್ದರು.

ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಆ 500 ಬಸ್ಕಿ ಬಿಟ್ಟು ಬರೀ ಹಾಲು ಕುಡಿದವರೂ ನಮ್ಮ ಗರಡಿಯಲ್ಲಿ ಇದ್ದರು. ಅವರ ಹೊಟ್ಟೆ ಮಾತ್ರ ಪೈಲ್ವಾನ್ ಆಯಿತು.

ಮಲೆನಾಡ_ವೈದ್ಯೆ (ಸಾಗರ, ಬಿಎಎಂಎಸ್)

ಗರಡಿಯ ಅಣ್ಣನವರು ಹೇಳಿದ್ದು ಕೇಳಿ ಖುಷಿಯಾಯಿತು. ಆಯುರ್ವೇದ ಓದಿದವಳಾಗಿ ನಾನೂ ಎರಡು ಮಾತು ಹೇಳುತ್ತೇನೆ. ಎರಡೂ ಕಡೆಯವರಿಗೆ ಬೇಜಾರಾಗಬಹುದು.

ಅಶ್ವಗಂಧವನ್ನು ನಾವು ಬಲ್ಯ ಅನ್ನುತ್ತೇವೆ, ಬಲ ಕೊಡುವಂಥದ್ದು ಅಂತ. ಆದರೆ ಯಾರಿಗೆ ಬಲ? ಸೊರಗಿದವರಿಗೆ, ಕಾಯಿಲೆಯಿಂದ ಎದ್ದವರಿಗೆ, ವಯಸ್ಸಾದವರಿಗೆ. ರೋಗಿಯ ಜೀರ್ಣಶಕ್ತಿ ನೋಡಿ, ಹಾಲಿನ ಜೊತೆಗೋ ತುಪ್ಪದ ಜೊತೆಗೋ ಕೊಡುವ ಔಷಧ ಅದು. ಓಟದಲ್ಲಿ 7 ಸೆಕೆಂಡ್ ಇಳಿಸಲಿಕ್ಕೆ ಅಂತ ಅದನ್ನು ಹೇಳಿದ್ದಲ್ಲ. ಜಿಮ್ಮಿನ ಡಬ್ಬಿಗೆ ತುಂಬಿದ ಮೇಲೆ ಅದಕ್ಕೆ ಶಾಸ್ತ್ರದ ಆಧಾರ ಇದೆ ಅಂದರೆ ನಾನು ಒಪ್ಪುವುದಿಲ್ಲ.

ಇನ್ನು, ಗಿಡಮೂಲಿಕೆ ಅಂದರೆ ತೊಂದರೆಯೇ ಇಲ್ಲ ಅನ್ನುವ ಮಾತು. 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ 5 ಜನರ ವರದಿ ಬಂತು. ಅಶ್ವಗಂಧದ ಉತ್ಪನ್ನ ತಿಂದು ಕಾಮಾಲೆ ಆಗಿ, ಬಿಟ್ಟ ಮೇಲೆ ಚೇತರಿಸಿಕೊಂಡರು. ಇಂಥದ್ದು ಅಪರೂಪ, ಆದರೆ ಇದೆ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಅದು ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಆದರೂ ಥೈರಾಯ್ಡ್ ಮಾತ್ರೆ ತಗೊಳ್ಳುವವರು, ಬಸುರಿಯರು ಇದನ್ನು ಸುಮ್ಮನೆ ನುಂಗಬಾರದು. 2021ರಲ್ಲಿ ನಮ್ಮ ಆಯುಷ್ ಸಚಿವಾಲಯವೇ ತಯಾರಕರಿಗೆ ಅಶ್ವಗಂಧದ ಎಲೆ ಬಳಸಬೇಡಿ ಅಂತ ಹೇಳಬೇಕಾಯಿತು. ನಾವು ಬಳಸುವುದು ಬೇರು. ಎಲೆ ಅಗ್ಗಕ್ಕೆ ಸಿಗುತ್ತದೆ, ಅದಕ್ಕೇ ಡಬ್ಬಿಯೊಳಗೆ ಹೋಗುತ್ತದೆ.

ನಗು ಬಂದದ್ದು ಜಲಪಾತದ ಚಿತ್ರಕ್ಕೆ. ಅಶ್ವಗಂಧ ಒಣ ನೆಲದ ಗಿಡ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಎಕರೆಗಟ್ಟಲೆ ಬೆಳೆಯುತ್ತಾರೆ. ನಮ್ಮ ಮಳೆಗೆ ಅದರ ಬೇರು ಕೊಳೆತೇ ಹೋಗುತ್ತದೆ. ನನ್ನ ಹಿತ್ತಲಲ್ಲಿ ಎರಡು ಸಲ ನೆಟ್ಟು ನೋಡಿ ಕೈಬಿಟ್ಟಿದ್ದೇನೆ.

ತೋಟದ_ಮನೆಯವರೇ, ನಿಮಗೊಂದು ಪ್ರಶ್ನೆ. ಮಗಳಿಗೆ ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ? ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ?

ತೋಟದ_ಮನೆ

ಮಾಡಿಸಿಯೇ ಇಲ್ಲ ಮೇಡಂ. ಉಳಿದದ್ದನ್ನು ಅವಳಮ್ಮನ ಹತ್ತಿರ ಕೇಳಬೇಕು.

ಉಪ್ಪಾಗೆ_ಮರ (ಹೊಸನಗರ)

ಲೇಬಲ್ಲಿನಲ್ಲಿ ಗಾರ್ಸೀನಿಯಾ ಅಂತ ಇದೆಯಲ್ಲ, ಅದು ಎಂತ ಗೊತ್ತುಂಟಾ ಮಾರಾಯ್ರೆ? ನಮ್ಮ ಉಪ್ಪಾಗೆ! ಡಬ್ಬಿಯಲ್ಲಿ ಮಲೆನಾಡಿನದ್ದು ಅಂತ ಏನಾದರೂ ಇದ್ದರೆ ಅದೊಂದೇ.

ಸರಿಯಾಗಿ ಮಳೆಗಾಲದಲ್ಲೇ ಹಣ್ಣಾಗುವುದು. ಜಿಗಣೆ ಕಚ್ಚಿಸಿಕೊಂಡು ಕಾಡಿನಿಂದ ಹೊತ್ತು ತಂದು, ಬೀಜ ಬಿಡಿಸಿ, ಸಿಪ್ಪೆ ಒಣಗಿಸಬೇಕು. ಬಿಸಿಲೆಲ್ಲಿ? ಒಲೆಯ ಮೇಲೆ ತಟ್ಟಿ ಕಟ್ಟಿ, ಹಗಲು ರಾತ್ರಿ ಕೆಳಗೆ ಬೆಂಕಿ. ಮನೆಯೆಲ್ಲ ಹೊಗೆ, ಹುಳಿ ವಾಸನೆ, ಕಣ್ಣಲ್ಲಿ ನೀರು. ಕಪ್ಪಾಗಿ ಚರ್ಮದ ಹಾಗೆ ಆದ ಮೇಲೆ ವ್ಯಾಪಾರಿ ಬರುತ್ತಾನೆ. ಕೇರಳದವರು ಮೀನು ಸಾರಿಗೆ ಹಾಕುತ್ತಾರೆ. ಬೀಜದಿಂದ ನಮ್ಮಮ್ಮ ಉಪ್ಪಾಗೆ ತುಪ್ಪ ತೆಗೆಯುತ್ತಿದ್ದರು, ದೋಸೆಗೆ ಅದರಷ್ಟು ರುಚಿ ಬೇರೆ ಇಲ್ಲ.

ಇದ್ದಕ್ಕಿದ್ದಂತೆ ಒಂದಷ್ಟು ವರ್ಷ ರೇಟು ಏರಿತು. ಯಾಕೆ ಅಂದರೆ ಫಾರಿನ್ನಿನಲ್ಲಿ ತೂಕ ಇಳಿಸುವ ಮಾತ್ರೆಗೆ ಹೋಗುತ್ತದೆ ಅಂದರು. ನನ್ನ ತೂಕ 92 ಕಿಲೋ, ಹುಟ್ಟಿದಾಗಿನಿಂದ ಉಪ್ಪಾಗೆ ತಿನ್ನುತ್ತಿದ್ದೇನೆ. ಇದರ ಸಂಶೋಧನೆ ಏನು ಹೇಳುತ್ತದೆ ಸಾರ್?

ತುಂಗಾ_ತೀರ

ನಿಮ್ಮ 92 ಕಿಲೋನೇ ಸಂಶೋಧನೆ ಅಂದುಕೊಳ್ಳಿ. 😄 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರದ ಪರೀಕ್ಷೆ ನಡೆಯಿತು. ಉಪ್ಪಾಗೆ ಸಿಪ್ಪೆಯ ಹುಳಿ, ಅಂದರೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ದಿನಕ್ಕೆ 1,500 ಮಿಲಿಗ್ರಾಂ. ಜೊತೆಗೆ ಎರಡೂ ಗುಂಪಿಗೆ ಊಟದಲ್ಲಿ ಪಥ್ಯ. ಉಪ್ಪಾಗೆ ತಿಂದವರು 3.2 ಕಿಲೋ ಇಳಿದರು. ಖಾಲಿ ಗುಳಿಗೆಯವರು 4.1 ಕಿಲೋ ಇಳಿದರು! ಆ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ ಅನ್ನಿ, ಆದರೆ ಉಪ್ಪಾಗೆಯಿಂದ ಲಾಭ ಇಲ್ಲ ಅನ್ನುವುದು ಸ್ಪಷ್ಟವಾಯಿತು. ಸಾಂದ್ರ ಮಾತ್ರೆ ತಿಂದವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಮೀನು ಸಾರಿಗೆ ಹಾಕುವ ಎರಡು ಎಸಳೇ ಬೇರೆ, ಮಾತ್ರೆಯೇ ಬೇರೆ.

ಅದಿರಲಿ, ಓಡುವ ಹುಡುಗಿಗೆ ತೂಕ ಇಳಿಸುವ ವಸ್ತು ಯಾಕೆ? ಬೆಳೆಯುವ ಮಕ್ಕಳಿಗೆ ತಿನ್ನಿಸಬೇಕು, ಸೊರಗಿಸುವುದಲ್ಲ.

ಗೋಕ್ಷುರ ಅಂದರೆ ನೆಗ್ಗಿಲು ಮುಳ್ಳು. ಟೆಸ್ಟೋಸ್ಟಿರೋನ್ ಹೆಚ್ಚಿಸುತ್ತೆ ಅಂತ ಜಗತ್ತೆಲ್ಲ ಮಾರುತ್ತಾರೆ. 2007ರಲ್ಲಿ ಆಸ್ಟ್ರೇಲಿಯಾದ 22 ರಗ್ಬಿ ಆಟಗಾರರಿಗೆ 5 ವಾರ, ದಿನಕ್ಕೆ 450 ಮಿಲಿಗ್ರಾಂ ಕೊಟ್ಟು ನೋಡಿದರು. ಬಲದಲ್ಲೂ ಇಲ್ಲ, ಮಾಂಸಖಂಡದಲ್ಲೂ ಇಲ್ಲ, ಖಾಲಿ ಗುಳಿಗೆಗಿಂತ ಒಂದು ಗುಲಗಂಜಿ ಹೆಚ್ಚಿಲ್ಲ. ನೆಗ್ಗಿಲಿನ ಕಥೆ ಅಷ್ಟೇ.

ಅರಿಶಿನದ್ದು ಸ್ವಲ್ಪ ಬೇರೆ. ಹೊಡೆತದ ವ್ಯಾಯಾಮದ ಮಾರನೇ ದಿನ ಬರುವ ಮೈಕೈ ನೋವು ಅರಿಶಿನದ ಸತ್ವವಾದ ಕುರ್ಕ್ಯುಮಿನ್‌ನಿಂದ ಅಷ್ಟಿಷ್ಟು ಕಮ್ಮಿಯಾದದ್ದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ತೊಡಕು ಏನೆಂದರೆ ಅದು ರಕ್ತಕ್ಕೆ ಸೇರುವುದೇ ಕಷ್ಟ. ಇದಕ್ಕೆ ದಾರಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು, 1998ರಲ್ಲಿ. 2 ಗ್ರಾಂ ಕುರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟರು. ರಕ್ತಕ್ಕೆ ಸೇರುವ ಪ್ರಮಾಣ ಶೇ 2,000ರಷ್ಟು ಏರಿತು. ನಮ್ಮ ಕಷಾಯಕ್ಕೆ ಅರಿಶಿನ, ಮೆಣಸು ಎರಡೂ ಬೀಳುತ್ತವೆ, ಅಜ್ಜಿಯರಿಗೆ ಗೊತ್ತಿತ್ತು ಅಂತ ಹೇಳಬೇಕು ಅನ್ನಿಸುತ್ತೆ. ಆದರೆ ಕಷಾಯದ ಒಂದು ಚಿಟಿಕೆ ಅರಿಶಿನದಲ್ಲಿ 2 ಗ್ರಾಂ ಕುರ್ಕ್ಯುಮಿನ್ ಎಲ್ಲಿಂದ ಬರಬೇಕು? ಬೇರೆ ಮಾತ್ರೆ ತಿನ್ನುವವರಿಗೆ ಇನ್ನೊಂದು ಎಚ್ಚರಿಕೆ: ಪೈಪರಿನ್ ಆ ಮಾತ್ರೆಗಳನ್ನೂ ರಕ್ತದಲ್ಲಿ ಹೆಚ್ಚಿಸಬಹುದು.

ಶುಂಠಿ_ಗದ್ದೆ (ಸೊರಬ)

ಶುಂಠಿಗೂ ಏನಾದರೂ ಇದೆಯಾ ಸಾರ್? ರೇಟು ಬಿದ್ದುಹೋಗಿದೆ, ಓಟಗಾರರಾದರೂ ತಿನ್ನಲಿ.

ತುಂಗಾ_ತೀರ

ಇದೆ! 2010ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ದಿನಕ್ಕೆ 2 ಗ್ರಾಂ ಶುಂಠಿ, 11 ದಿನ ಕೊಟ್ಟು ನೋಡಿದರು. ತೋಳಿನ ವ್ಯಾಯಾಮದ ನಂತರದ ನೋವು ಹಸಿ ಶುಂಠಿ ತಿಂದವರಲ್ಲಿ ಸುಮಾರು ಶೇ 25 ಕಮ್ಮಿ ಇತ್ತು. ನೋವು ಕಮ್ಮಿಯಾಯಿತು ಅಷ್ಟೇ, ಯಾರೂ ಜೋರಾಗಿ ಓಡಲಿಲ್ಲ. ನಿಮ್ಮ ರೇಟು ಏರಿಸುವಷ್ಟು ಇಲ್ಲ, ಕ್ಷಮಿಸಿ.

ಪಿ_ಟಿ_ಮೇಷ್ಟ್ರು

ಎಲ್ಲರೂ "ಕೆಲಸ ಮಾಡುತ್ತಾ" ಅಂತಲೇ ಮಾತಾಡುತ್ತಿದ್ದೀರಿ. 28 ವರ್ಷ ಮಕ್ಕಳನ್ನು ಓಡಿಸಿದವನಾಗಿ ನನ್ನ ಹೆದರಿಕೆ ಬೇರೆ. ಲೇಬಲ್ಲಿನಲ್ಲಿ ಬರೆಯದೇ ಇರುವುದು ಡಬ್ಬಿಯಲ್ಲಿ ಏನಿದೆ?

2011 ನೆನಪಿದೆಯಾ? ಅದರ ಹಿಂದಿನ ವರ್ಷ ದೆಹಲಿ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟ ಎರಡರಲ್ಲೂ ಚಿನ್ನ ಗೆದ್ದಿದ್ದ ನಮ್ಮ ಮಹಿಳಾ 4×400 ರಿಲೇ ತಂಡದ ನಾಲ್ವರಲ್ಲಿ ಮೂವರು ಹುಡುಗಿಯರು ಮೆಥಾಂಡಿಯೆನೋನ್ ಎಂಬ ಸ್ಟಿರಾಯ್ಡ್‌ಗೆ ಸಿಕ್ಕಿಬಿದ್ದರು. ಅವರು ಕೊಟ್ಟ ಕಾರಣ ಏನು ಗೊತ್ತಾ? ವಿದೇಶಿ ಕೋಚ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಮಾತ್ರೆ. ಗಿಡಮೂಲಿಕೆ! ಮೊದಲು 1 ವರ್ಷದ ನಿಷೇಧ ಆಯಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು 2 ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಉದ್ದೀಪನ ನಿಯಮದಲ್ಲಿ "ನನಗೆ ಗೊತ್ತಿರಲಿಲ್ಲ" ಅನ್ನುವುದು ಶಿಕ್ಷೆಯನ್ನು ಸ್ವಲ್ಪ ಇಳಿಸಬಹುದು, ತಪ್ಪಿಸುವುದಿಲ್ಲ. ಮೂತ್ರದಲ್ಲಿ ಸಿಕ್ಕಿದ್ದಕ್ಕೆ ಓಡುವವರೇ ಹೊಣೆ.

ಇದೊಂದೇ ಪ್ರಕರಣ ಅಂದುಕೊಳ್ಳಬೇಡಿ. ಜರ್ಮನಿಯ ಕೊಲೋನ್ ಪ್ರಯೋಗಾಲಯದವರು 13 ದೇಶಗಳಲ್ಲಿ ಕೊಂಡ 634 ಪೂರಕಗಳನ್ನು ಪರೀಕ್ಷೆ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. 94ರಲ್ಲಿ ಲೇಬಲ್ಲಿನಲ್ಲಿ ಇಲ್ಲದ ಹಾರ್ಮೋನ್ ಸಂಬಂಧಿ ವಸ್ತು ಸಿಕ್ಕಿತು. ಸುಮಾರು ಏಳಕ್ಕೆ ಒಂದು!

ನನ್ನ ಹುಡುಗನೊಬ್ಬ, 400 ಮೀಟರ್ ಓಡುವವನು, ಜಿಮ್ಮಿನಲ್ಲಿ ಕೊಟ್ಟ "ಹರ್ಬಲ್" ಪುಡಿ ಕುಡಿದು ಪ್ರಾಕ್ಟೀಸಿಗೆ ಬಂದ. ಓಟ ಶುರುವಾಗುವ ಮೊದಲೇ ಕೈ ನಡುಗುತ್ತಿತ್ತು. ನಾಡಿ ಹಿಡಿದರೆ ಎಣಿಸಲಿಕ್ಕೇ ಆಗುವುದಿಲ್ಲ, ಅಷ್ಟು ಜೋರು. ನೆರಳಲ್ಲಿ ಮಲಗಿಸಿ ಒಂದು ಗಂಟೆ ಪಕ್ಕದಲ್ಲೇ ಕೂತಿದ್ದೆ. ಒಳಗೆ ಏನಿತ್ತೋ, ಅವನಿಗೂ ಗೊತ್ತಿಲ್ಲ, ಕೊಟ್ಟವನಿಗೂ ಗೊತ್ತಿಲ್ಲ. ಆ ಒಂದು ಗಂಟೆ ನಾನಿನ್ನೂ ಮರೆತಿಲ್ಲ.

ಮಲೆನಾಡ_ವೈದ್ಯೆ

ಮೇಷ್ಟ್ರೇ, ಇನ್ನೊಂದು ಸೇರಿಸುತ್ತೇನೆ. ಕಲಬೆರಕೆ ಇಲ್ಲದ, ಅಪ್ಪಟ ಗಿಡದಲ್ಲೂ ನಿಷೇಧಿತ ವಸ್ತು ಇರಬಹುದು. ಕಾಸರಕ ಗೊತ್ತಲ್ಲ, ನಮ್ಮ ಕಾಡಂಚಲ್ಲೆಲ್ಲ ಇದೆ. ಕಿತ್ತಳೆ ಬಣ್ಣದ ಕಾಯಿ, ಒಳಗೆ ಗುಂಡಿಯಂಥ ಬೀಜ. ಆ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. ನಾವು ಅದನ್ನು ಶುದ್ಧಿ ಮಾಡಿ ಕೆಲವು ಗುಳಿಗೆಗಳಲ್ಲಿ ಬಳಸುತ್ತೇವೆ, ಕುಪೀಲು ಅಂತ ಬರೆದಿರುತ್ತದೆ. ಸ್ಟ್ರಿಕ್ನಿನ್ ವಾಡಾದ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ನಿಷೇಧಿತ ಪಟ್ಟಿಯಲ್ಲಿದೆ. ಯಾರಾದರೂ ಹೊಟ್ಟೆನೋವಿಗೋ ಕೀಲುನೋವಿಗೋ ಅಂತ ಕೊಟ್ಟ ಗುಳಿಗೆಯಲ್ಲೂ ಅದು ಇರಬಹುದು. ಸ್ಪರ್ಧೆಗೆ ಹೋಗುವ ಮಕ್ಕಳು ವೈದ್ಯರ ಹತ್ತಿರ ಮೊದಲು "ನಾನು ಕ್ರೀಡಾಪಟು" ಅಂತ ಹೇಳಬೇಕು. ಹೇಳುವುದೇ ಇಲ್ಲ.

ತುಂಗಾ_ತೀರ

ಸ್ಟ್ರಿಕ್ನಿನ್ ಅಂದಾಗ ನೆನಪಾಯಿತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಅವನ ಕಡೆಯವರೇ ಸ್ಟ್ರಿಕ್ನಿನ್, ಮೊಟ್ಟೆಯ ಬಿಳಿ, ಬ್ರಾಂದಿ ಕುಡಿಸುತ್ತಾ ಓಡಿಸಿದ್ದರು. ಚಿನ್ನ ಬಂತು, ಪ್ರಾಣ ಕೂದಲೆಳೆಯಲ್ಲಿ ಉಳಿಯಿತು.

ಕೊಪ್ಪದ_ಕಾಫಿ

ಇಷ್ಟೆಲ್ಲ ಓದಿ ಸಾಕಾಯ್ತು. ಹಾಗಾದರೆ ಗಿಡದಿಂದ ಬಂದದ್ದು ಯಾವುದೂ ಕೆಲಸ ಮಾಡಲ್ವಾ?

ತುಂಗಾ_ತೀರ

ಮಾಡುತ್ತೆ. ಅದೂ ನಿಮ್ಮ ತೋಟದ್ದೇ! 2018ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ತಜ್ಞರನ್ನು ಕೂಡಿಸಿ, ಕ್ರೀಡಾ ಸಾಮರ್ಥ್ಯಕ್ಕೆ ಒಳ್ಳೆಯ ಸಾಕ್ಷ್ಯ ಇರುವ ಪೂರಕ ಯಾವುದು ಅಂತ ನೋಡಿಸಿತು. ಉಳಿದದ್ದು ಐದೇ. ಕೆಫೀನ್, ಕ್ರಿಯಾಟಿನ್, ನೈಟ್ರೇಟ್, ಬೀಟಾ ಅಲನೈನ್, ಅಡುಗೆ ಸೋಡಾ. ಅಶ್ವಗಂಧ ಇಲ್ಲ, ಜಿನ್ಸೆಂಗ್ ಇಲ್ಲ, ನೆಗ್ಗಿಲು ಇಲ್ಲ.

ಕೆಫೀನ್ ಅಂದರೆ ಕಾಫಿ. ಮೈತೂಕದ ಒಂದು ಕಿಲೋಗೆ 3ರಿಂದ 6 ಮಿಲಿಗ್ರಾಂ, ಸ್ಪರ್ಧೆಗೆ ಒಂದು ಗಂಟೆ ಮೊದಲು. 2004ರಿಂದ ಇದು ನಿಷೇಧಿತ ಪಟ್ಟಿಯಲ್ಲೂ ಇಲ್ಲ. ಆದರೆ ನಮ್ಮ ಲೋಟದ ಲೆಕ್ಕ ಹಿಡಿಯುವುದು ಕಷ್ಟ. ಚಿಕೋರಿ ಎಷ್ಟು ಬೆರೆಸಿದ್ದಾರೆ, ಡಿಕಾಕ್ಷನ್ ಎಷ್ಟು ಗಟ್ಟಿ, ರೋಬಸ್ಟಾನಾ ಅರೇಬಿಕಾನಾ... ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡು ಪಟ್ಟು.

ನೈಟ್ರೇಟ್ ಅಂದರೆ ಬೀಟ್‌ರೂಟ್. ಇದರ ಒಳಗಿನ ಕೆಲಸ ಚೆನ್ನಾಗಿದೆ ಕೇಳಿ. ಬೀಟ್‌ರೂಟಿನ ನೈಟ್ರೇಟ್ ರಕ್ತಕ್ಕೆ ಹೋಗಿ ಮತ್ತೆ ಎಂಜಲಿಗೆ ಬರುತ್ತದೆ. ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದನ್ನು ನುಂಗಿದ ಮೇಲೆ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಹಿಗ್ಗುತ್ತದೆ, ಅದೇ ಕೆಲಸಕ್ಕೆ ಆಮ್ಲಜನಕ ಸ್ವಲ್ಪ ಕಮ್ಮಿ ಸಾಕಾಗುತ್ತದೆ. 2009ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ದಿನಕ್ಕೆ ಅರ್ಧ ಲೀಟರ್ ರಸ 6 ದಿನ ಕುಡಿಸಿ ನೋಡಿದರು. ಜೋರಾಗಿ ಸೈಕಲ್ ತುಳಿದು ಸುಸ್ತಾಗಿ ನಿಲ್ಲುವ ಹೊತ್ತು ಶೇ 16ರಷ್ಟು ಮುಂದಕ್ಕೆ ಹೋಯಿತು. 2011ರಲ್ಲಿ 4 ಕಿಲೋಮೀಟರ್ ಸೈಕಲ್ ಓಟಕ್ಕೆ ಸಮಯ ಶೇ 2.8 ಇಳಿಯಿತು. ದೊಡ್ಡ ದೊಡ್ಡ ಸ್ಪರ್ಧಿಗಳಲ್ಲಿ ಲಾಭ ಇನ್ನೂ ಕಮ್ಮಿ. ಸ್ಪರ್ಧೆಗೆ 2-3 ಗಂಟೆ ಮೊದಲು ಕುಡಿಯಬೇಕು. ಅವತ್ತು ಮೌತ್‌ವಾಶ್ ಮುಕ್ಕಳಿಸಿದರೆ ನಾಲಿಗೆಯ ಬ್ಯಾಕ್ಟೀರಿಯಾ ಸತ್ತು ಎಲ್ಲ ದಂಡ. ಮೂತ್ರ ಕೆಂಪಾದರೆ ಗಾಬರಿ ಬೇಡ.

ಬೇಯಿಸಿ ನೀರು ಚೆಲ್ಲಿದರೆ ನೈಟ್ರೇಟೂ ಚರಂಡಿಗೆ. ಹರಿವೆ ಸೊಪ್ಪು, ಪಾಲಕ್‌ನಲ್ಲೂ ಅದು ಧಾರಾಳ ಇದೆ.

ಕೊಪ್ಪದ_ಕಾಫಿ

ನಾಳೆಯಿಂದ ತೋಟದ ಬೋರ್ಡಿನ ಮೇಲೆ "ಒಲಿಂಪಿಕ್ ಸಮಿತಿ ಒಪ್ಪಿದ್ದು" ಅಂತ ಬರೆಸ್ತೇನೆ.

ಮಲೆನಾಡ_ವೈದ್ಯೆ

ಬರೆಸಿ. ಆದರೆ 16ರ ಹುಡುಗಿಗೆ ಓಟಕ್ಕೆ ಅಂತ ಕಾಫಿ ಲೆಕ್ಕ ಹಾಕಿ ಕುಡಿಸುವುದು ಬೇಡ. ನಿದ್ದೆ ಕೆಡುತ್ತದೆ. ರಕ್ತ ಪರೀಕ್ಷೆ ಏನಾಯಿತು ತೋಟದ_ಮನೆಯವರೇ?

ಎಲೆಅಡಿಕೆ_ಭಟ್ಟ (ಹೊಸನಗರ)

ಅಡಿಕೆ ಬಗ್ಗೆ ಯಾರೂ ಮಾತಾಡಲಿಲ್ಲ. ವಾಲಿಬಾಲ್ ಟೂರ್ನಿಯಲ್ಲಿ ಎರಡು ಹೋಳು ಬಾಯಿಗೆ ಹಾಕಿಕೊಂಡರೆ ನನಗಂತೂ ಚುರುಕು ಬರುತ್ತದೆ.

ತುಂಗಾ_ತೀರ

ಅಡಿಕೆಯ ಅರೆಕೋಲಿನ್ ನರಗಳನ್ನು ಕೆಣಕುತ್ತದೆ, ಅದೇ ನಿಮ್ಮ ಚುರುಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಅಂತ ಬರೆಯಿತು. ನಮ್ಮನೆಯಲ್ಲೂ 3 ಎಕರೆ ತೋಟ ಇದೆ, ಬೈಯಬೇಡಿ.

ಎಲೆಅಡಿಕೆ_ಭಟ್ಟ

ಅದು ಬೇರೆಯದೇ ಜಗಳ, ಬೇರೆ ಕಡೆ ಆಡೋಣ ಬನ್ನಿ.

ತೋಟದ_ಮನೆ (ಒಂದು ವಾರದ ನಂತರ)

ತಡವಾಯಿತು, ಮಳೆಗೆ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ.

ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 9.6. ಫೆರಿಟಿನ್, ಅಂದರೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಲೆಕ್ಕ, ಅದೂ ತುಂಬಾ ಕಮ್ಮಿ ಅಂದರು. ಈ ವಯಸ್ಸಿನ ಹುಡುಗಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತೆ. ಡಾಕ್ಟರು ಕೇಳಿದರು, "ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ನೀಲಿ ಮಾತ್ರೆ ಕೊಡ್ತಾರಲ್ಲ, ತಿಂತೀಯಾ?" ಅವಳು ನನ್ನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಹೊಟ್ಟೆ ತೊಳೆಸುತ್ತೆ ಅಂತ ಇಡೀ ವರ್ಷ ಕಿಟಕಿಯಿಂದ ಆಚೆ ಎಸೆದಿದ್ದಾಳೆ! ಸರ್ಕಾರ ಪುಕ್ಕಟೆ ಕೊಟ್ಟದ್ದು ಶಾಲೆ ಹಿತ್ತಲಿಗೆ, ನಾನು 1,850 ಕೊಟ್ಟದ್ದು ಡಬ್ಬಿಗೆ.

ಈಗ ದಿನಾ ಕಬ್ಬಿಣದ ಮಾತ್ರೆ. ಊಟ ಆದ ಮೇಲೆ, ಲಿಂಬೆ ಶರಬತ್ತಿನ ಜೊತೆ.

ಮಲೆನಾಡ_ವೈದ್ಯೆ

ಅದೇ ಅಂದುಕೊಂಡಿದ್ದೆ. ಆಮ್ಲಜನಕ ಹೊರುವ ಕೂಲಿಯವರೇ ಕಮ್ಮಿ ಇದ್ದರೆ ಎರಡನೇ ಸುತ್ತಿಗೆ ಕಾಲು ಬರುವುದು ಹೇಗೆ? ಮಾತ್ರೆಯ ಹಿಂದೆ ಮುಂದೆ ಒಂದೆರಡು ಗಂಟೆ ಕಾಫಿ, ಟೀ ಬೇಡ, ಕಬ್ಬಿಣ ಹೀರುವುದನ್ನು ಅವು ತಡೆಯುತ್ತವೆ. ಜಂತುಹುಳದ ಮಾತ್ರೆಯ ಬಗ್ಗೆಯೂ ಕೇಳಿ. ಹಿಮೋಗ್ಲೋಬಿನ್ ಸರಿಹೋದ ತಕ್ಷಣ ನಿಲ್ಲಿಸಬೇಡಿ, ದಾಸ್ತಾನು ತುಂಬಲಿಕ್ಕೆ ಇನ್ನೂ ಕೆಲವು ತಿಂಗಳು ಬೇಕು.

ಕೊಪ್ಪದ_ಕಾಫಿ

ಬೋರ್ಡು ಬರೆಸೋದು ಕ್ಯಾನ್ಸಲ್.

ಪಿ_ಟಿ_ಮೇಷ್ಟ್ರು

ಮಾತ್ರೆ ಶುರುವಾದ ಮೊದಲ ಕೆಲವು ವಾರ ಜೋರು ಓಟ ಬೇಡ ಸಾರ್. ನಿಧಾನ ಜಾಗಿಂಗ್ ಸಾಕು. ಡಾಕ್ಟರ್ ಹೇಳಿದ ಮೇಲೆ ಏರಿಸೋಣ. ಡಬ್ಬಿ ವಾಪಸ್ ಕೊಟ್ಟಿರಾ?

ತೋಟದ_ಮನೆ

ತಗೊಳ್ಳಲ್ಲ ಅಂದರು. ಒಡೆದು ನೋಡಿದೆ, ಪುಡಿ ಹಸಿರೂ ಅಲ್ಲ, ಕಂದೂ ಅಲ್ಲ, ಗಬ್ಬು ವಾಸನೆ. ಗೊಬ್ಬರದ ಗುಂಡಿಗೆ ಸುರಿದೆ. ಡಬ್ಬಿ ಗಟ್ಟಿ ಇದೆ, ನನ್ನಾಕೆ ಅದರಲ್ಲಿ ಹಪ್ಪಳ ಹಾಕಿಟ್ಟಿದ್ದಾಳೆ.

ತೋಟದ_ಮನೆ (ನಾಲ್ಕು ತಿಂಗಳ ನಂತರ)

ಹಳೆ ಚರ್ಚೆ ಮೇಲೆ ತರುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಿಮೋಗ್ಲೋಬಿನ್ 12.4. ನಿನ್ನೆ ಸ್ಟೇಡಿಯಮ್ಮಿನಲ್ಲಿ 2:29! ಕೈಗಡಿಯಾರ ಒತ್ತಿದ್ದು ನಾನೇ, ಹಾಗಾಗಿ ಅರ್ಧ ಸೆಕೆಂಡ್ ಆಚೀಚೆ ಇರಬಹುದು. ಎರಡನೇ ಸುತ್ತಿನಲ್ಲಿ ಕೊನೇ 150 ಮೀಟರ್ ಒಬ್ಬ ಹುಡುಗನನ್ನೇ ಹಿಂದೆ ಹಾಕಿದಳು.

ಪಿ_ಟಿ_ಮೇಷ್ಟ್ರು

ಭಲೇ! ಶಾಲಾ ಕ್ರೀಡಾಕೂಟಕ್ಕೆ ನಾನೇ ಬಂದು ನೋಡುತ್ತೇನೆ.

ಹಾಫ್_ಮ್ಯಾರಥಾನ್

ಅಭಿನಂದನೆ ಸಾರ್. ನಾನೂ ಅಶ್ವಗಂಧ ಬಿಟ್ಟು 3 ತಿಂಗಳಾಯಿತು. ಹೋದ ವಾರ 1 ಗಂಟೆ 52 ನಿಮಿಷ. ಬಾಯಿ ಮುಚ್ಚಿಕೊಂಡು ಓದುತ್ತಿದ್ದೇನೆ.

ತುಂಗಾ_ತೀರ

ತುಂಬಾ ಸಂತೋಷ. ಆದರೆ ಪಾಠ ಮಾಡುವ ಚಟ ಬಿಡುವುದಿಲ್ಲ. ಈ ನಾಲ್ಕು ತಿಂಗಳಲ್ಲಿ ಮಾತ್ರೆ ಒಂದೇ ಬದಲಾಗಿದ್ದಾ?

ತೋಟದ_ಮನೆ

ಗೊತ್ತಿತ್ತು ಸಾರ್ ನೀವು ಕೇಳುತ್ತೀರಿ ಅಂತ, ಬರೆದಿಟ್ಟುಕೊಂಡಿದ್ದೇನೆ. ಮಳೆ ನಿಂತಿದೆ, ಟ್ರ್ಯಾಕ್ ಒಣಗಿದೆ. ಶೂ ಹೊಸದು. ಮೊದಲು ರಾತ್ರಿ 12ರವರೆಗೆ ಮೊಬೈಲ್ ನೋಡುತ್ತಿದ್ದಳು, ಈಗ ಅವಳಮ್ಮ 10ಕ್ಕೆ ಕಸಿದುಕೊಳ್ಳುತ್ತಾಳೆ. ಮತ್ತೆ, ಹಿತ್ತಲಲ್ಲಿ ಕೆಂಪು ಹರಿವೆ ಭರ್ತಿ ಬಂದಿದೆ, ವಾರಕ್ಕೆ ನಾಲ್ಕು ದಿನ ಅದರದ್ದೇ ಸಾಸಿವೆ, ಅದರದ್ದೇ ಪಲ್ಯ. ಆ ಡಬ್ಬಿಯ ಪುಡಿ ಸುರಿದ ಗೊಬ್ಬರ ಆ ಪಾತಿಗೇ ಬಿದ್ದಿದ್ದು.

ತುಂಗಾ_ತೀರ

ಅಂದರೆ ಅಶ್ವಗಂಧವನ್ನೂ ಪೂರ್ತಿ ತಳ್ಳಿಹಾಕುವ ಹಾಗಿಲ್ಲ. 😄